ಫೋನು ಸಿಗದ ಕಮರಿ

ಮಾರ್ಚ್ ೩, ಸೋಮವಾರ

ಪ್ರಿಯ ಮೇಷ್ಟ್ರಿಗೆ ನಮಸ್ಕಾರ,

ಕಟ್ಟಿಕೊಂಡ ಗಂಡನಿಗೆ ಯಾರಾದರೂ ನಮಸ್ಕಾರ ಬರೆಯುತ್ತಾರೆಯೇ ಎಂದು ನೀವು ನಗುತ್ತೀರಿ. ಬೇರೇನು ಬರೆದು ಶುರುಮಾಡಬೇಕೆಂದು ಹೊಳೆಯಲಿಲ್ಲ, ಹಾಗೇ ಇರಲಿ. ಫೋನು ಮಾಡಬಹುದಿತ್ತಲ್ಲ ಎಂದೂ ಕೇಳುತ್ತೀರಿ. ದಿನವಿಡೀ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೂತು, ಬಿದ್ದವರ ದನಿ, ಬಿದ್ದವರನ್ನು ನೋಡಿ ಕಿರುಚುವವರ ದನಿ, ಏನೂ ಹೇಳಲಾಗದೆ ಬರೀ ಉಸಿರು ಬಿಡುವವರ ದನಿ ಕೇಳಿಸಿಕೊಂಡು ಮನೆಗೆ ಬಂದ ಮೇಲೆ ಮತ್ತೊಂದು ಫೋನನ್ನು ಕಿವಿಗೆ ಒತ್ತಿಕೊಳ್ಳುವ ತ್ರಾಣ ನನಗಿಲ್ಲ. ಅದೂ ಅಲ್ಲದೆ ನಾವಿಬ್ಬರೂ ಫೋನಿನಲ್ಲಿ ಮಾತಿಗಿಳಿದರೆ ಸ್ವಲ್ಪ ಹೊತ್ತಿಗೆಲ್ಲ ವಕೀಲರ ಸುದ್ದಿ ಬಂದುಬಿಡುತ್ತದೆ. ಕಾಗದದಲ್ಲಿ ಆ ಭಯ ಕಡಿಮೆ.

ವಿಷಯ ಇಷ್ಟು. ಕಮರಿಯ ರಾಷ್ಟ್ರೀಯ ಉದ್ಯಾನದಿಂದ ಪತ್ರ ಬಂದಿದೆ. ಕೆಳಗೆ, ನದಿಯ ಪಕ್ಕದಲ್ಲಿರುವ ಆ ಪುಟ್ಟ ವಸತಿಗೃಹದಲ್ಲಿ ಈ ವರ್ಷ ನಮಗೆ ಹಾಸಿಗೆ ಸಿಕ್ಕಿದೆ. ಮೇ ತಿಂಗಳ ಮಧ್ಯದಲ್ಲಿ, ಎರಡು ರಾತ್ರಿ.

ನಮಗೆ ಎಂದು ಬರೆದೆ, ಯಾಕೆಂದರೆ ಅರ್ಜಿಯಲ್ಲಿ ಇರುವುದು ಇಬ್ಬರ ಹೆಸರು. ಮದುವೆಯಾದ ವರ್ಷದಿಂದ ಪ್ರತಿ ಚಳಿಗಾಲ ನಾನು ಆ ಅರ್ಜಿ ಹಾಕುತ್ತಲೇ ಬಂದಿದ್ದೇನೆ, ಪ್ರತಿ ವರ್ಷ ಚೀಟಿ ಎತ್ತುವಾಗ ನಮ್ಮ ಹೆಸರು ಬಿಟ್ಟು ಊರಿನವರ ಹೆಸರೆಲ್ಲ ಬರುತ್ತಿತ್ತು. ಮಕ್ಕಳು ಮರಿ ಇಲ್ಲದ ನಮಗೆ ರಜೆಯೆಂದರೆ ಆ ವಿಷಾದದ ಪತ್ರ ಓದಿ ಮುಂದಿನ ವರ್ಷ ನೋಡೋಣ ಎನ್ನುವುದೇ ಆಗಿತ್ತು. ಈ ಸಲವೂ ಕೈ ತನ್ನ ಪಾಡಿಗೆ ಬರೆದು ಹಾಕಿತು. ನೀವು ಟೈರ್ ಅಂಗಡಿಯ ಮೇಲಿನ ರೂಮಿಗೆ ಹೋಗಿ ವರ್ಷ ಕಳೆದಿದೆ ಎನ್ನುವುದು ಅಂಚೆಗೆ ಹಾಕಿದ ಮೇಲೆ ನೆನಪಾಯಿತು. ನೀವು ನಂಬದಿದ್ದರೂ ಪರವಾಗಿಲ್ಲ.

ಈಗ ತೊಂದರೆ ಏನೆಂದರೆ, ಹೆಸರು ಬದಲಾಯಿಸುವ ಹಾಗಿಲ್ಲ. ಒಬ್ಬರೇ ಇಳಿಯುವ ಹಾಗೂ ಇಲ್ಲ. ಬಾಗಿಲಲ್ಲಿ ಇಬ್ಬರೂ ನಿಂತು ಗುರುತಿನ ಚೀಟಿ ತೋರಿಸಬೇಕು. ನಿಮ್ಮ ತಂಗಿಯನ್ನೋ ಆಫೀಸಿನ ಗೆಳತಿಯನ್ನೋ ಕರೆದುಕೊಂಡು ಹೋಗು ಎಂದು ನೀವು ಹೇಳುವ ಮೊದಲೇ ಇದನ್ನು ಹೇಳಿಬಿಡುತ್ತಿದ್ದೇನೆ.

ನನ್ನ ಯೋಜನೆ ಹೀಗಿದೆ. ಬೆಳಿಗ್ಗೆ ಬೇಗ ಹೊರಟರೆ ದಾರಿಯಲ್ಲೇ ಒಂದು ಹಗಲು ಮುಗಿಯುತ್ತದೆ. ಕೊನೆಯ ಪೆಟ್ರೋಲ್ ಬಂಕು ಒಂದು ಸಣ್ಣ ಊರಿನಲ್ಲಿದೆ, ಅದನ್ನು ದಾಟಿದರೆ ಆಮೇಲೆ ಅಂಗಡಿಯಿಲ್ಲ, ಮನೆಯಿಲ್ಲ, ಬರೀ ಕಲ್ಲು ಮತ್ತು ರಸ್ತೆ. ಕಮರಿಯ ಅಂಚಿನಲ್ಲಿ ಡೇರೆಯ ಸಾಲು ಇದೆ, ತಲುಪಿದ ರಾತ್ರಿ ಅಲ್ಲಿ, ಕೆಳಗಿನ ಎರಡು ರಾತ್ರಿ ಆಮೇಲೆ. ಬಿಸಿಲು ಏರುವ ಮೊದಲು ಇಳಿಯಲು ಶುರುಮಾಡಬೇಕು. ಇಳಿಯುವಾಗ ಹುಮ್ಮಸ್ಸಿನಲ್ಲಿ ನೀರು ಕುಡಿದು ಮುಗಿಸುವವರೇ ಹತ್ತುವಾಗ ಕೂತುಬಿಡುತ್ತಾರಂತೆ. ನಿಮ್ಮ ಮಂಡಿಯ ಬಗ್ಗೆಯೂ ವಿಚಾರಿಸಿದ್ದೇನೆ. ಸಾಮಾನು ಹೊರಲು ಹೇಸರಗತ್ತೆ ಸಿಗುತ್ತದೆ, ಮನುಷ್ಯರನ್ನು ಅದು ಹೊರುವುದಿಲ್ಲ. ಆದ್ದರಿಂದ ಈಗಿನಿಂದಲೇ ನಿಮ್ಮ ರೂಮಿನ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಿರಿ.

ಆ ಅಂಚು ದಾಟಿ ಸ್ವಲ್ಪ ಇಳಿದರೆ ಫೋನು ಸಿಗುವುದಿಲ್ಲ. ಎಲ್ಲರೂ ಅದನ್ನು ಎಚ್ಚರಿಕೆಯ ಹಾಗೆ ಬರೆದಿದ್ದಾರೆ, ನನಗೆ ಮಾತ್ರ ಓದಿ ಬಾಯಲ್ಲಿ ನೀರೂರಿತು.

ಮೇಲ್ವಿಚಾರಕಿ ಮುಖ ಸಿಂಡರಿಸಿಕೊಂಡೇ ರಜೆ ಕೊಟ್ಟಿದ್ದಾಳೆ. ಜೀವ ಹಣ್ಣಾಗಿದೆ, ಮೇಷ್ಟ್ರೇ. ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮುಂದಿನ ನಿಲ್ದಾಣ ಯಾವುದು ಎಂದು ಕೇಳಿದರೆ, ಗಾಯಾಳುವಿಗೆ ಪ್ರಜ್ಞೆ ಇದೆಯೇ ಎಂದುಬಿಟ್ಟೆ. ಅವಳು ಎದ್ದು ಬೇರೆ ಕಡೆ ಕೂತಳು.

ವಿಚ್ಛೇದನಕ್ಕೆ ಸಹಿ ಹಾಕಲು ವಕೀಲರ ಹತ್ತಿರ ಹೋಗಬೇಕಾದದ್ದು ಈ ಪ್ರವಾಸದ ಮುಂದಿನ ವಾರ. ಅದನ್ನು ಮುಂದೂಡಿ ಎಂದು ನಾನು ಕೇಳುತ್ತಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ. ನಮ್ಮಲ್ಲಿ ಏನೂ ಉಳಿದಿಲ್ಲವೋ, ಅಥವಾ ಇಬ್ಬರೂ ಬರೀ ದಣಿದಿದ್ದೇವೋ? ಈ ಊರಿನಲ್ಲಿದ್ದರೆ ಅದು ತಿಳಿಯುವುದಿಲ್ಲ. ಏನೂ ಉಳಿದಿಲ್ಲ ಎಂದಾದರೆ ಹತ್ತಿ ಬಂದು, ಮಂಡಿಗೆ ಎಣ್ಣೆ ಹಚ್ಚಿಕೊಂಡು, ಇಬ್ಬರೂ ಸಹಿ ಹಾಕೋಣ.

ಬರುತ್ತೀರೋ ಇಲ್ಲವೋ ಬರೆಯಿರಿ. ಸುತ್ತಿ ಬಳಸಿ ಬೇಡ.

ಇಂತಿ ನಿಮ್ಮ (ಈ ಶಬ್ದ ಹಾಕಬೇಕೋ ಬೇಡವೋ ಎಂದು ಯೋಚಿಸಿ ಹಾಕಿದ್ದೇನೆ),
ಕಂಟ್ರೋಲಮ್ಮ


ಮಾರ್ಚ್ ೯, ಭಾನುವಾರ

ಶ್ರೀಮತಿ ಕಂಟ್ರೋಲಮ್ಮನವರ ಸನ್ನಿಧಾನಕ್ಕೆ,

ನಿನ್ನ ಕಾಗದವನ್ನು ಟೈರ್ ಅಂಗಡಿಯವನು ಗ್ರೀಸು ಮೆತ್ತಿದ ಕೈಯಲ್ಲೇ ಮೇಲೆ ತಂದುಕೊಟ್ಟ. ಕೋರ್ಟಿನ ನೋಟೀಸು ಎಂದುಕೊಂಡು ಪಾಪ ನನಗಿಂತ ಅವನೇ ಹೆದರಿದ್ದ. ಹೆಂಡತಿಯ ಕಾಗದ ಎಂದೆ. ಅವನ ಹೆದರಿಕೆ ಇನ್ನೂ ಹೆಚ್ಚಾಯಿತು.

ಸುತ್ತಿ ಬಳಸಿ ಬೇಡ ಎಂದು ನೀನು ಹೇಳಿದ್ದೀಯ. ಆದರೆ ನನ್ನ ಕಷ್ಟ ನಿನಗೆ ಗೊತ್ತು. ಡ್ರೈವಿಂಗ್ ಕಲಿಸುವವನಿಗೆ ಬಾಯಿ ಇರಬಾರದು. ಕಲಿಯುವವರ ಪಕ್ಕದಲ್ಲಿ, ನನ್ನ ಪಾಲಿನ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು, ದಿನವಿಡೀ ತುಟಿ ಹೊಲಿದುಕೊಂಡು ಕೂತಿರುತ್ತೇನೆ. ಮಾತಾಡಿದರೆ ಅವರು ರಸ್ತೆ ಬಿಟ್ಟು ನನ್ನ ಮುಖ ನೋಡುತ್ತಾರೆ. ಈಗ ಕಲಿಯುತ್ತಿರುವ ಹಲ್ಲಿನ ಡಾಕ್ಟರಂತೂ ಗೇರನ್ನು ಬೇರುಸಮೇತ ಕೀಳಲು ನೋಡುತ್ತಾರೆ. ಇಷ್ಟೆಲ್ಲ ಒಳಗಿಟ್ಟುಕೊಂಡು ಸಂಜೆ ಬಂದರೆ ಮಾತಾಡದೆ ಹೊಟ್ಟೆ ಉಬ್ಬುತ್ತದೆ. ಈಗ ಟೈರ್ ಅಂಗಡಿಯವನನ್ನು ಕೊರೆಯುತ್ತೇನೆ. ಅವನು ಗಾಳಿ ತುಂಬುವ ಮೆಷಿನ್ ಚಾಲೂ ಮಾಡಿಕೊಂಡು ತಲೆಯಾಡಿಸುತ್ತಾನೆ.

ಬರುತ್ತೇನೆ. ಮೊದಲು ಇದನ್ನು ಬರೆಯಬೇಕಿತ್ತು, ಈಗ ಬರೆದೆ.

ಮಂಡಿಯ ಕಥೆ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಎರಡು ಪಟ್ಟಿ ಕಟ್ಟಿಕೊಂಡರೆ ನಡೆಯುತ್ತದೆ. ಕೆಳಗೆ ಏನಾದರೂ ಎಡವಟ್ಟಾದರೆ ಯಾರಿಗೆ ಫೋನು ಮಾಡುವುದು ಎಂದು ಯೋಚಿಸಿದೆ. ನಿನಗೇ ಮಾಡಬೇಕು, ನೀನೋ ಪಕ್ಕದಲ್ಲೇ ಇರುತ್ತೀಯ. ಇದು ತಮಾಷೆಗೆ ಬರೆದದ್ದು, ಬರೆದ ಮೇಲೆ ತಮಾಷೆಯಾಗಿ ಉಳಿಯಲಿಲ್ಲ. ಬಂದಿರುವ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಅಷ್ಟು ದೂರ ಹೊತ್ತುಕೊಂಡು ಹೋಗುವುದು ಬೇಡ.

ಅಮ್ಮ ಬಚ್ಚಲಿನಲ್ಲಿ ಬಿದ್ದ ದಿನ ನಾನು ಆಂಬುಲೆನ್ಸಿನ ನಂಬರಿಗೆ ಫೋನು ಮಾಡಿದಾಗ ಎತ್ತಿದ್ದು ನೀನು. ನಿನ್ನ ದನಿ ಕೇಳಿ ದೇವರೇ ಸಿಕ್ಕಿದ ಹಾಗಾಯಿತು. ನೀನು ನನ್ನ ಹೆಸರು ಕೇಳಿದೆ. ಆಮೇಲೆ ವಿಳಾಸ ಕೇಳಿದೆ. ನಮ್ಮ ಮನೆಯ ವಿಳಾಸ, ನಿನ್ನ ಮನೆಯ ವಿಳಾಸ, ನಾನು ಬೀದಿ, ನಂಬರು, ಮಹಡಿ ಎಂದು ಒಂದೊಂದಾಗಿ ಹೇಳಿದೆ, ನೀನು ಯಾರೋ ಪರಸ್ಥಳದವಳ ಹಾಗೆ ಅದನ್ನೆಲ್ಲ ನನಗೇ ತಿರುಗಿ ಒಪ್ಪಿಸಿದೆ. ನಿಯಮ ಎಂದು ಗೊತ್ತು. ಗಾಡಿ ಬೇಗ ಬಂತು, ಅಮ್ಮ ಇನ್ನೊಂದು ವರ್ಷ ಬದುಕಿದ್ದಳು, ಅದು ನಿನ್ನಿಂದ, ಅದೂ ಗೊತ್ತು. ತಲೆಗೆ ಎಲ್ಲ ಗೊತ್ತು. ಆದರೂ ಆ ಹೊತ್ತಿನಿಂದ ನನಗೆ ಹೆಂಡತಿ ಇದ್ದಾಳೋ ಇಲ್ಲವೋ ಎನ್ನುವ ಹುಳ ಹೊಕ್ಕಿತು.

ಅಮ್ಮ ಹೋದ ಮೇಲೆ ಒಂದು ಸಂಜೆ ನೀನು ನಲ್ಲಿ ಬಿಟ್ಟುಕೊಂಡು ಲೋಟ ತೊಳೆಯುತ್ತಿದ್ದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: "ನಂಗೆ ಈ ಮನೇಲಿ ಒಬ್ಬನೇ ಇದ್ದ ಹಾಗೆ ಅನ್ಸುತ್ತೆ ಕಣೇ. ಭಯ ಆಗುತ್ತೆ." ವಟವಟ ಎನ್ನುವ ನಾನು ಅಷ್ಟು ಸಣ್ಣ ಮಾತು ಯಾವತ್ತೂ ಆಡಿದವನಲ್ಲ. ನೀನು ತಿರುಗಲಿಲ್ಲ. ಇನ್ನೊಂದು ಲೋಟ ಎತ್ತಿಕೊಂಡೆ. ನಾನು ರೂಮು ಹುಡುಕಲು ಶುರುಮಾಡಿದ್ದು ಮರುದಿನ. ಇಷ್ಟು ದಿನ ಇದನ್ನು ಹೇಳಲಿಲ್ಲ, ಯಾಕೆಂದರೆ ನಿನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಇಷ್ಟು ಬರೆದ ಮೇಲೆ ಹಗುರವಾಯಿತು ಎಂದು ಬರೆಯಬೇಕು, ಆದರೆ ಸುಸ್ತಾಯಿತು, ಅಷ್ಟೇ. ಕಮರಿಗೆ ಬಂದಾಗ ನಾನು ಮಾತಾಡುವುದಿಲ್ಲ. ಎರಡು ದಿನ ನಿನ್ನ ಕಿವಿಗೆ ಪೂರ್ತಿ ರಜೆ. ಕಲ್ಲು ನೋಡುತ್ತೇನೆ, ನದಿ ನೋಡುತ್ತೇನೆ, ನೀನು ಕೇಳಿದ್ದಕ್ಕೆ ಹೂಂ ಅನ್ನುತ್ತೇನೆ.

ಒಂದು ವಿಷಯ ಹೇಳದೆ ವಿಧಿಯಿಲ್ಲ. ಈ ಸಲ ನಾನೂ ಅರ್ಜಿ ಹಾಕಿದ್ದೆ. ಇಬ್ಬರ ಹೆಸರಿನಲ್ಲೇ. ನೀನು ಈ ವರ್ಷ ಹಾಕುವುದಿಲ್ಲ, ಹಾಕುವ ಮನಸ್ಸೂ ಇರುವುದಿಲ್ಲ ಎಂದುಕೊಂಡು ಹಾಕಿದ್ದೆ. ಸಿಕ್ಕರೆ ನಿನಗೆ ಹೇಗೆ ಹೇಳುವುದೆಂದು ಯೋಚಿಸಿರಲಿಲ್ಲ. ನನ್ನದು ಕಾಯುವ ಪಟ್ಟಿಯಲ್ಲಿದೆ ಎಂದು ಫೋನಿಗೆ ಸಂದೇಶ ಬಂತು. ಈಗ ನಿಯಮ ಓದಿದರೆ, ಒಂದೇ ಹೆಸರು ಎರಡು ಅರ್ಜಿಯಲ್ಲಿ ಕಂಡರೆ ಎರಡೂ ರದ್ದಂತೆ. ಇಷ್ಟು ವರ್ಷಕ್ಕೆ ಒಮ್ಮೆ ಸಿಕ್ಕಿದ್ದನ್ನು ನಾನೇ ಕೈಯಾರೆ ಹಾಳುಮಾಡಿದೆನೇನೋ. ಬಾಯಿ ಮುಚ್ಚಿಕೊಂಡು ಹೋಗಿಬಿಡೋಣ ಎಂದು ನನಗೆ ಅನಿಸುತ್ತದೆ. ನೀನು ಒಪ್ಪುವುದಿಲ್ಲ ಎಂದೂ ಗೊತ್ತು. ನಾನು ಅವರಿಗೆ ಫೋನು ಮಾಡಿದರೆ ನನ್ನ ಪುರಾಣವೆಲ್ಲ ಹೇಳಿ ಇನ್ನಷ್ಟು ಕೆಡಿಸುತ್ತೇನೆ. ನೀನೇ ಏನಾದರೂ ಮಾಡು.

ಎರಡು ಮಂಡಿಪಟ್ಟಿಯ ಒಡೆಯ,
ಮೇಷ್ಟ್ರು


ಮಾರ್ಚ್ ೧೭, ಸೋಮವಾರ

ಪ್ರಿಯ ಮೇಷ್ಟ್ರೇ,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ಓದಿ ಹಾಗೇ ಮಡಿಸಿಟ್ಟು ಕೆಲಸಕ್ಕೆ ಹೋದೆ. ಸಿಟ್ಟು ಬಂದಿತ್ತು. ಬೈದು ಬರೆಯೋಣ ಎಂದುಕೊಂಡರೆ ಬೈಯುವುದಕ್ಕೂ ಒಂದು ಕಸುವು ಬೇಕಲ್ಲ.

ಮೊದಲು ಅರ್ಜಿಯ ವಿಚಾರ. ನೀವು ತಿಳಿದ ಹಾಗೆ ಬಾಯಿ ಮುಚ್ಚಿಕೊಂಡು ಹೋಗುವುದು ನನ್ನ ಕೈಲಾಗದ ಕೆಲಸ. ಅಷ್ಟು ದೂರ ಹೋಗಿ ಬಾಗಿಲಲ್ಲಿ ವಾಪಸು ಕಳಿಸಿದರೆ ನಿಮ್ಮ ಮುಖ ನೋಡುತ್ತ ಇಡೀ ದಿನ ತಿರುಗಿ ಬರುವ ಶಿಕ್ಷೆ ಯಾರಿಗೆ ಬೇಕು? ಊಟದ ಬಿಡುವಿನಲ್ಲಿ ಉದ್ಯಾನದ ಕಚೇರಿಗೆ ಫೋನು ಮಾಡಿದೆ. ಎತ್ತಿದವನು ಒಬ್ಬ ಗುಮಾಸ್ತ, ದನಿ ಕೇಳಿದರೆ ಅವನಿಗೂ ನಮ್ಮ ಹಾಗೆ ನಿದ್ದೆ ಸಾಲದು. ನಾನು ವಿಷಯ ಹೇಳುತ್ತಿದ್ದಂತೆ ತಡೆದು, ಮೊದಲು ಹೆಸರು ಹೇಳಿ ಎಂದ. ಹೇಳಿದೆ. ವಿಳಾಸ ಹೇಳಿ ಎಂದ. ಬೀದಿ, ನಂಬರು, ಮಹಡಿ ಹೇಳಿದೆ. ಅವನು ಅದನ್ನು ನಿಧಾನವಾಗಿ, ಒಂದಕ್ಷರ ತಪ್ಪದೆ, ನನಗೆ ತಿರುಗಿ ಒಪ್ಪಿಸಿದ.

ಆಗ ನಿಮ್ಮ ನೋವು ನನಗೆ ಅರ್ಥವಾಯಿತು ಎಂದು ಬರೆದರೆ ಕಾಗದ ಚೆನ್ನಾಗಿರುತ್ತಿತ್ತು. ಆದರೆ ಹಾಗಾಗಲಿಲ್ಲ. ನನಗೆ ಸಮಾಧಾನವಾಯಿತು. ಈ ಮನುಷ್ಯನಿಗೆ ನಾನು ಎಲ್ಲಿದ್ದೇನೆಂದು ಸರಿಯಾಗಿ ಕೇಳಿಸಿದೆ, ಇನ್ನು ತಪ್ಪುವುದಿಲ್ಲ ಎನಿಸಿತು. ಮೇಷ್ಟ್ರೇ, ಆ ದಿನ ನಾನು ನಿಮಗೆ ಕೊಡುತ್ತಿದ್ದದ್ದು ಅದೇ. ನಿಮ್ಮ ದನಿ ಗುರುತು ಹಿಡಿಯಲು ನನಗೆ ನಾನೇ ಬಿಟ್ಟುಕೊಟ್ಟಿದ್ದರೆ ನನ್ನ ಬೆರಳು ತಪ್ಪು ನಂಬರು ಒತ್ತುತ್ತಿತ್ತು, ಗಾಡಿ ಪಕ್ಕದ ಬೀದಿಗೆ ಹೋಗುತ್ತಿತ್ತು. ಅತ್ತೆಯ ಮೇಲೂ ನಿಮ್ಮ ಮೇಲೂ ಇದ್ದ ಪ್ರೀತಿಯನ್ನೆಲ್ಲ ನಾನು ಆ ವಿಳಾಸದೊಳಗೇ ತುಂಬಬೇಕಾಗಿತ್ತು. ಇನ್ನೊಮ್ಮೆ ಹಾಗಾದರೆ ಇನ್ನೊಮ್ಮೆ ಕೇಳುತ್ತೇನೆ. ಆದರೆ ಆ ಸಂಜೆ ಆಸ್ಪತ್ರೆಗೆ ಬಂದಾಗಲಾದರೂ ಆ ಕಂಟ್ರೋಲ್ ರೂಮಿನ ದನಿಯನ್ನು ಬಾಗಿಲಲ್ಲಿ ಬಿಟ್ಟು ಬರಬೇಕಿತ್ತು ಎಂದು ನೀವು ಹೇಳಿದರೆ ಎದುರು ಮಾತಾಡುವುದಿಲ್ಲ.

ಗುಮಾಸ್ತ ಕಂಪ್ಯೂಟರ್ ನೋಡಿದ. ಎರಡು ಅರ್ಜಿ ಇದ್ದದ್ದು ಅವರಿಗೆ ಆಗಲೇ ಗೊತ್ತಾಗಿತ್ತಂತೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. "ಒಂದೇ ಮನೆ, ಅದೇ ಇಬ್ರು. ಗಂಡ ಹೆಂಡ್ತಿ ಒಬ್ರಿಗೊಬ್ರು ಹೇಳ್ದೆ ಹಾಕಿರ್ತಾರೆ, ವರ್ಷವರ್ಷ ಯಾರಾದ್ರೂ ಹೀಗೆ ಮಾಡ್ತಾನೇ ಇರ್ತಾರೆ. ಒಂದನ್ನ ತೆಗೆದುಹಾಕಿದ್ದೀನಿ. ನೀವು ಆರಾಮಾಗಿ ಬನ್ನಿ." ಬೇರೆ ಬೇರೆ ವಿಳಾಸ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಮೋಸ ಎಂದು ಎರಡನ್ನೂ ಹೊಡೆದುಹಾಕುತ್ತಿದ್ದರಂತೆ.

ನೀವು ಅರ್ಜಿಯಲ್ಲಿ ನಿಮ್ಮ ವಿಳಾಸ ಎಂದು ಕೊಟ್ಟದ್ದು ಈ ಮನೆಯದು. ಟೈರ್ ಅಂಗಡಿಯದಲ್ಲ. ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಹೆಚ್ಚು ಹೊತ್ತಲ್ಲ, ಬಿಡುವು ಮುಗಿಯುತ್ತ ಬಂದಿತ್ತು.

ಹಾಗಾಗಿ ಹೋಗುತ್ತಿದ್ದೇವೆ. ನಾನು ನೀರಿನ ಬಾಟಲಿ, ಟೋಪಿ, ಔಷಧಿ ನೋಡಿಕೊಳ್ಳುತ್ತೇನೆ. ನೀವು ಗಾಡಿಯ ಟೈರು ನೋಡಿಸಿ, ಅದಕ್ಕೆ ನಿಮಗಿಂತ ಒಳ್ಳೆಯ ಜಾಗದಲ್ಲಿರುವವರು ಯಾರೂ ಇಲ್ಲ. ಹೊಸ ಬೂಟು ಕೊಳ್ಳಬೇಡಿ, ಹಳೆಯದರಲ್ಲೇ ನಡೆಯಬೇಕಂತೆ. ವಕೀಲರಿಗೆ ನಾನು ಏನೂ ಹೇಳಿಲ್ಲ. ಆ ದಿನ ಹಾಗೇ ಇರಲಿ. ಕೆಳಗೆ ಹೋಗಿ ಬಂದ ಮೇಲೆ ಹೋಗುವುದೋ ಬಿಡುವುದೋ ನೋಡೋಣ. ನನಗೆ ಈಗ ಆಸೆ ಇದೆ ಎಂದು ಮಾತ್ರ ಬರೆದಿರುತ್ತೇನೆ. ಆಸೆ ಇಟ್ಟುಕೊಳ್ಳುವುದೂ ಆಯಾಸದ ಕೆಲಸವೇ.

ಇನ್ನು, ಮಾತಾಡುವುದಿಲ್ಲ ಎಂದು ಬರೆದಿದ್ದೀರಲ್ಲ, ಆ ವ್ರತ ಬೇಡ. ಹಲ್ಲಿನ ಡಾಕ್ಟರ ಕಥೆ ಪೂರ್ತಿ ಬೇಕು ನನಗೆ.

ನಿಮ್ಮ (ಈ ಸಲ ಯೋಚಿಸದೆ ಹಾಕಿದ್ದು),
ಕಂಟ್ರೋಲಮ್ಮ

ಮತ್ತೆ ಬರೆದದ್ದು: ಇದನ್ನು ಬರೆಯದೆ ಅಂಟಿಸಿ, ಮತ್ತೆ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಎಡಗಿವಿ ಹೋಗಿದೆ. ನೀವು ಮನೆ ಬಿಟ್ಟು ಹೋದ ಮೇಲೆ ಪರೀಕ್ಷೆ ಮಾಡಿಸಿದೆ. ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಹೋಗುತ್ತ ಬಂದಿರಬೇಕು ಎಂದರು ಡಾಕ್ಟರು. ಹೆಡ್‌ಫೋನನ್ನು ನಾನು ಯಾವಾಗ ಬಲಗಡೆಗೆ ಬದಲಾಯಿಸಿಕೊಂಡೆನೋ ನನಗೇ ಗೊತ್ತಿಲ್ಲ. ಆಫೀಸಿನಲ್ಲಿ ಗೊತ್ತಾದರೆ ಆ ಕುರ್ಚಿಯಿಂದ ಎಬ್ಬಿಸುತ್ತಾರೆ, ಅದಕ್ಕೇ ಯಾರಿಗೂ ಹೇಳಿಲ್ಲ. ವಾಪಸು ಬಂದ ಮೇಲೆ ನಾನೇ ಹೇಳುತ್ತೇನೆ.

ನಲ್ಲಿ ಬಿಟ್ಟು ಲೋಟ ತೊಳೆಯುವಾಗ ಬಾಗಿಲು ನನ್ನ ಎಡಕ್ಕಿರುತ್ತದೆ, ಆ ಸಂಜೆ ನೀವು ಹೇಳಿದ್ದು ನನಗೆ ಕೇಳಿಸಿರಲಿಲ್ಲ. ನೀವು ಬಾಗಿಲಲ್ಲಿ ನಿಂತಿದ್ದೂ ಗೊತ್ತಿಲ್ಲ. ಆ ಮಾತನ್ನು ನಾನು ಮೊದಲ ಸಲ ತಿಳಿದದ್ದು ಈ ಶುಕ್ರವಾರ, ನಿಮ್ಮ ಅಕ್ಷರದಲ್ಲಿ.

ಎಲ್ಲವನ್ನೂ ಕಿವಿಯ ಮೇಲೆ ಹಾಕಿ ನನ್ನನ್ನು ಕ್ಷಮಿಸಿಬಿಡಬೇಡಿ. ಎಷ್ಟೋ ಸಂಜೆ ಕೇಳಿಸಿಯೂ ಸುಮ್ಮನಿದ್ದೆ, ಅಷ್ಟು ದಣಿದಿದ್ದೆ. ಯಾವುದು ಕೇಳಿಸಿತ್ತು, ಯಾವುದು ಕೇಳಿಸಿರಲಿಲ್ಲ ಎಂದು ನೀವು ಕೇಳಿದರೆ ಒಂದೊಂದಾಗಿ ಹೇಳುತ್ತೇನೆ. ಇಳಿಯುವ ದಾರಿ ಕಿರಿದಂತೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕಂತೆ. ಅಗಲವಾದ ಕಡೆಯೆಲ್ಲ ನೀವು ನನ್ನ ಬಲಗಡೆಗೆ ಬನ್ನಿ.